ಕಂಪನಿ ಪರ ವಕೀಲರು ಕೇಳುವ ಪ್ರಶ್ನೆ



ಈ ಸಲ ಬಂದ ಕಾಗದಗಳಲ್ಲಿ ಒಂದು ನನ್ನನ್ನು ಎರಡು ದಿನ ಯೋಚನೆಗೆ ಹಚ್ಚಿತು. ಬರೆದವರು ಒಬ್ಬ ತಾಯಿ. ಅವರ ಮಗಳು ಲಾ ಮುಗಿಸಿದ್ದಾಳೆ. ವಿಮಾ ಕಂಪನಿಗಳ ಪರವಾಗಿ ಅಪಘಾತದ ಕೇಸು ನಡೆಸುವ ಹಿರಿಯ ವಕೀಲರೊಬ್ಬರ ಬಳಿ ಜೂನಿಯರ್ ಆಗಿ ಸೇರುತ್ತೇನೆನ್ನುತ್ತಾಳೆ. ತಾಯಿಗೆ ಸಂಕಟ. "ಗಂಡನನ್ನು ಕಳೆದುಕೊಂಡವಳನ್ನು ಕಟಕಟೆ ಹತ್ತಿಸಿ ಪ್ರಶ್ನೆ ಕೇಳುವ ಕೆಲಸ ಅದು. ನಮ್ಮ ಹುಡುಗಿಗೆ ಆ ಪಾಪ ಯಾಕೆ ಅಕ್ಕಾ?" ಎಂದು ಕೇಳಿದ್ದಾರೆ.

ಹೌದು ಅಥವಾ ಅಲ್ಲ ಎಂದು ಒಂದು ಮಾತಿನಲ್ಲಿ ಹೇಳಿ ಮುಗಿಸುವ ಪ್ರಶ್ನೆ ಇದಲ್ಲ. ನಾನು ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ. ಕಾನೂನು ಬಲ್ಲೆ ಎಂದು ಜಂಭ ಪಡುವವಳಲ್ಲ. ಆದರೆ ನನ್ನ ನಾದಿನಿ ಹದಿನೆಂಟು ವರ್ಷದಿಂದ ವಿಮಾ ಕಂಪನಿಯೊಂದರ ಪರ ವಕೀಲಿ ಮಾಡುತ್ತಿದ್ದಾಳೆ. ಹಬ್ಬಕ್ಕೆ ತವರಿಗೆ ಬಂದರೂ ಅವಳ ಚೀಲದಲ್ಲಿ ಎರಡು ಫೈಲು ಇದ್ದೇ ಇರುತ್ತವೆ. ನಾನು ಹೋಳಿಗೆ ತಟ್ಟುತ್ತ, ಅವಳು ಪಕ್ಕದಲ್ಲಿ ಹೂರಣ ಉಂಡೆ ಕಟ್ಟುತ್ತ ಆಡಿದ ಮಾತುಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕೇಸಿನವರ ಹೆಸರು, ಊರು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮೂವರ ನಡುವಿನ ಕೇಸು

ರಸ್ತೆಯಲ್ಲಿ ಓಡುವ ಮೋಟಾರು ವಾಹನಕ್ಕೆ ವಿಮೆ ಇರಲೇಬೇಕು ಎನ್ನುವುದು ಕಾಯಿದೆ. ಮೊದಲು 1939ರ ಕಾಯಿದೆ ಇತ್ತು, ಈಗಿರುವುದು 1988ರದು. ಕಡ್ಡಾಯವಾಗಿ ಇರಬೇಕಾದದ್ದು 'ಥರ್ಡ್ ಪಾರ್ಟಿ' ವಿಮೆ. ಈ ಮೂರನೆಯವರು ಯಾರು ಎನ್ನುವಿರಾ? ಗಾಡಿಯ ಯಜಮಾನ ಒಬ್ಬ, ಕಂಪನಿ ಇನ್ನೊಂದು, ದಾರಿಯಲ್ಲಿ ಹೋಗುತ್ತಿದ್ದು ಪೆಟ್ಟು ತಿಂದವರು ಮೂರನೆಯವರು. ಅಂದರೆ ತರಕಾರಿ ತರಲು ಹೊರಟ ನೀವು, ನಾನು, ಶಾಲೆಗೆ ಹೊರಟ ಮಕ್ಕಳು.

ಪೆಟ್ಟು ತಿಂದವರು, ಅಥವಾ ತೀರಿಕೊಂಡವರ ಮನೆಯವರು, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕುತ್ತಾರೆ. ಬೆಂಗಳೂರಿನಲ್ಲಿ ಸ್ಮಾಲ್ ಕಾಸಸ್ ಕೋರ್ಟಿನ ನ್ಯಾಯಾಧೀಶರು ಇದನ್ನು ನಡೆಸುತ್ತಾರೆ. ಜಿಲ್ಲೆ, ತಾಲ್ಲೂಕುಗಳಲ್ಲಿ ಅಲ್ಲಿನ ನ್ಯಾಯಾಧೀಶರಿಗೇ ಈ ಅಧಿಕಾರ ಕೊಟ್ಟಿರುತ್ತಾರೆ. ಕೋರ್ಟಿನ ಆವರಣದಲ್ಲಿ 'ಎಂ.ವಿ.ಸಿ. ಕೇಸು' ಎಂದರೆ ಇದೇ. ಎದುರುದಾರರು ಇಬ್ಬರು: ಗಾಡಿಯ ಯಜಮಾನ ಮತ್ತು ವಿಮಾ ಕಂಪನಿ. ನೋಟೀಸು ಮುಟ್ಟಿದರೂ ಯಜಮಾನರಲ್ಲಿ ಅನೇಕರು ಕೋರ್ಟಿನ ಕಡೆ ತಲೆಹಾಕುವುದಿಲ್ಲ. "ಇನ್ಶೂರೆನ್ಸ್ ಇದೆಯಲ್ಲ, ಅವರು ನೋಡ್ಕೋತಾರೆ" ಎಂಬ ಧೈರ್ಯ. ಹಾಗಾಗಿ ವಾದದ ಭಾರವೆಲ್ಲ ಕಂಪನಿ ಪರ ವಕೀಲರ ಹೆಗಲಿಗೆ.

ಕಂಪನಿಗೆ ಮನಬಂದಂತೆ ವಾದಿಸುವ ಹಕ್ಕಿಲ್ಲ ಎನ್ನುವುದು ಅನೇಕರಿಗೆ ಗೊತ್ತಿಲ್ಲ. ಪಾಲಿಸಿಯ ಷರತ್ತು ಮುರಿದಿದೆ, ಚಾಲಕನಿಗೆ ಲೈಸೆನ್ಸು ಇರಲಿಲ್ಲ ಎಂಬಂಥ ಕೆಲವೇ ತಕರಾರುಗಳನ್ನು ಕಾಯಿದೆ ಅದಕ್ಕೆ ಬಿಟ್ಟುಕೊಟ್ಟಿದೆ. ಯಜಮಾನ ಕೋರ್ಟಿಗೆ ಬಾರದಿದ್ದರೆ, ಅಥವಾ ಅರ್ಜಿದಾರರ ಜೊತೆ ಒಳಗೊಳಗೇ ಶಾಮೀಲಾಗಿದ್ದರೆ, ಆಗ ನ್ಯಾಯಮಂಡಳಿಯ ಅನುಮತಿ ಪಡೆದು ಕಂಪನಿ ಎಲ್ಲ ವಿಷಯವನ್ನೂ ಎತ್ತಬಹುದು. ಇದು 170ನೇ ಕಲಮು. ನನ್ನ ನಾದಿನಿ ತನ್ನ ಜೂನಿಯರ್‌ಗಳಿಗೆ ಮೊದಲು ಬರೆಯಲು ಕಲಿಸುವ ಅರ್ಜಿ ಇದೇ ಅಂತೆ.

ಕರಿಕೋಟಿನ ದಾರಿ

ಕಂಪನಿ ಪರ ವಕೀಲರು ಎಂದರೆ ಕಂಪನಿಯಲ್ಲಿ ಸಂಬಳಕ್ಕಿರುವ ನೌಕರರು ಎಂದುಕೊಳ್ಳಬೇಡಿ. 1973ರ ಜನವರಿ 1ರಂದು ದೇಶದ 107 ಸಾಮಾನ್ಯ ವಿಮಾ ಸಂಸ್ಥೆಗಳನ್ನು ಸರ್ಕಾರ ರಾಷ್ಟ್ರೀಕರಣ ಮಾಡಿ ನಾಲ್ಕು ಕಂಪನಿಗಳಾಗಿ ಒಟ್ಟುಗೂಡಿಸಿತು. 2000ದಿಂದೀಚೆಗೆ ಖಾಸಗಿ ಕಂಪನಿಗಳೂ ಬಂದವು. ಇವೆಲ್ಲ ಒಂದೊಂದು ಊರಿನ ಕೋರ್ಟಿಗೂ ಇಂತಿಂಥ ವಕೀಲರು ಎಂದು ಪಟ್ಟಿ ಮಾಡಿಕೊಂಡಿರುತ್ತವೆ. ಅದಕ್ಕೆ 'ಪ್ಯಾನೆಲ್' ಎನ್ನುತ್ತಾರೆ. ಕೇಸಿಗೆ ಇಷ್ಟು ಎಂದು ಫೀಜು. ವಾಯಿದೆಯ ಮೇಲೆ ವಾಯಿದೆ ಬಿದ್ದು ಕೇಸು ನಾಲ್ಕು ವರ್ಷ ಎಳೆದರೆ, ಆ ಓಡಾಟಕ್ಕೆಲ್ಲ ಬೇರೆ ಲೆಕ್ಕ ಬರುವುದು ಅಪರೂಪ.

ಪ್ಯಾನೆಲ್ ಸೇರುವುದು ಸುಲಭವಲ್ಲ. ಲಾ ಪದವಿ ಬೇಕು, ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು, ಈಗಿನವರು ಅಖಿಲ ಭಾರತ ಬಾರ್ ಪರೀಕ್ಷೆಯನ್ನೂ ಪಾಸು ಮಾಡಬೇಕು. ಆಮೇಲೆ ಹಿರಿಯರ ಕೈಕೆಳಗೆ ಕೆಲವು ವರ್ಷ. ಆ ವರ್ಷಗಳಲ್ಲಿ ಜೂನಿಯರ್ ಮಾಡುವುದು ದೊಡ್ಡ ವಾದವಲ್ಲ. ಪೊಲೀಸ್ ಠಾಣೆಯಿಂದ ನಕಲು ತರುವುದು, ಆರ್.ಟಿ.ಓ. ಕಛೇರಿಯಲ್ಲಿ ಲೈಸೆನ್ಸಿನ ವಿವರ ತೆಗೆಸುವುದು, ಆಸ್ಪತ್ರೆಯ ರಿಜಿಸ್ಟರು ತರಿಸಲು ಅರ್ಜಿ ಬರೆಯುವುದು, ವಾಯಿದೆಯ ಡೈರಿ ಇಡುವುದು. "ಅಕ್ಕಿ ಆರಿಸಿದ ಹಾಗೆ ಅತ್ತಿಗೆ. ಕಲ್ಲು ಯಾವುದು, ನೆಲ್ಲು ಯಾವುದು ಅಂತ ಕಣ್ಣಿಗೆ ರೂಢಿ ಆಗಬೇಕು" ಎನ್ನುತ್ತಾಳೆ ನಾದಿನಿ.

ಫೈಲಿನಲ್ಲಿ ಹುಡುಕುವುದು ಏನು?

ಹೊಸ ಫೈಲು ಕೈಗೆ ಬಂದ ಕೂಡಲೇ ಅವಳು ತಾರೀಖುಗಳನ್ನು ನೋಡುತ್ತಾಳೆ. ಅಪಘಾತ ಯಾವತ್ತು, ದೂರು ಕೊಟ್ಟದ್ದು ಯಾವತ್ತು? ಎರಡರ ನಡುವೆ ಹದಿನೈದು ದಿನ ಇದ್ದರೆ ಕಾರಣ ಹುಡುಕುತ್ತಾಳೆ. ಆಮೇಲೆ ಸ್ಥಳದ ಮಹಜರು, ನಕ್ಷೆ, ಗಾಡಿ ಪರೀಕ್ಷಿಸಿದ ಮೋಟಾರು ಇನ್‌ಸ್ಪೆಕ್ಟರರ ವರದಿ. ಲಾರಿ ಹಿಂದಿನಿಂದ ಗುದ್ದಿತು ಎಂದು ದೂರಿನಲ್ಲಿದ್ದು, ಸ್ಕೂಟರಿನ ಹಿಂಭಾಗ ನೆಟ್ಟಗಿದ್ದರೆ ಪ್ರಶ್ನೆ ಏಳುತ್ತದೆ.

ಎಲ್ಲಕ್ಕಿಂತ ಮುಖ್ಯ ಆಸ್ಪತ್ರೆಯ ಎಂ.ಎಲ್.ಸಿ. ರಿಜಿಸ್ಟರು. ಪೆಟ್ಟು ಬಿದ್ದವರನ್ನು ಕರೆತಂದ ಗಳಿಗೆಯಲ್ಲಿ, ಡ್ಯೂಟಿ ಡಾಕ್ಟರು "ಹೇಗಾಯ್ತು?" ಎಂದು ಕೇಳಿ ಬರೆದುಕೊಳ್ಳುವ ಒಂದು ಸಾಲು ಅದರಲ್ಲಿರುತ್ತದೆ. "ತಾನೇ ಬೈಕಿನಿಂದ ಬಿದ್ದದ್ದು" ಎಂದು ಅಲ್ಲಿ ಬರೆದಿದ್ದು, ವಾರದ ಮೇಲೆ ಕೊಟ್ಟ ದೂರಿನಲ್ಲಿ "ಕಾರು ಬಂದು ಗುದ್ದಿತು" ಎಂದಿದ್ದರೆ ಕೇಸಿನ ಬುಡವೇ ಅಲ್ಲಾಡುತ್ತದೆ.

ಕೆಲವು ಸಲ ಅದು ನಿಜವಾಗಿಯೂ ಸುಳ್ಳು ಕೇಸು. ಗುದ್ದಿದ ಗಾಡಿ ಯಾವುದೆಂದು ತಿಳಿಯದೇ ಹೋದರೆ ಸರ್ಕಾರದ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಮಾತ್ರ. ಅದರ ಬದಲು ಪರಿಚಯದವರ ವಿಮೆ ಇರುವ ಗಾಡಿಯನ್ನು ತಂದು ನಿಲ್ಲಿಸಿದರೆ ಹೆಚ್ಚು ಬರುತ್ತದಲ್ಲ ಎಂಬ ದುರಾಸೆ. ಉತ್ತರ ಪ್ರದೇಶದಲ್ಲಿ ಇಂಥ ಸುಳ್ಳು ಅರ್ಜಿಗಳ ತನಿಖೆಗೆಂದೇ ವಿಶೇಷ ತಂಡ ರಚಿಸಲು 2015ರಲ್ಲಿ ಅಲಹಾಬಾದ್ ಹೈಕೋರ್ಟು ಆದೇಶ ಮಾಡಿತು. ತನಿಖೆ ತೆವಳುತ್ತಿದೆ ಎಂದು 2021ರಲ್ಲಿ ಸುಪ್ರೀಂ ಕೋರ್ಟು ಸಿಟ್ಟು ಮಾಡಬೇಕಾಯಿತು. ಅದರಲ್ಲಿ ವಕೀಲರ ಮೇಲೂ ಆರೋಪ ಬಂದಿತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಇನ್ನಾರಿಗೆ ದೂರುವುದು? ಕಂಪನಿಯ ದುಡ್ಡು ಆಕಾಶದಿಂದ ಉದುರಿದ್ದಲ್ಲ, ನಮ್ಮ ನಿಮ್ಮ ಸ್ಕೂಟರಿಗೆ ಕಟ್ಟಿದ ಕಂತು ಅದು. ಅದನ್ನು ಕಾಯುವವರು ಒಬ್ಬರು ಬೇಕೇ ಬೇಕು.

ಆದರೆ ಕೆಲವು ಸಲ ಅದು ಸುಳ್ಳಲ್ಲ. ಗಾಬರಿಯಲ್ಲಿ ಜೊತೆಗೆ ಬಂದವರು ಯಾರೋ ಏನೋ ಹೇಳಿರುತ್ತಾರೆ; ಪೊಲೀಸು, ಕೋರ್ಟು ಯಾಕೆ ಎಂದು ಹೆದರಿ "ಅವನೇ ಬಿದ್ದ ಸ್ವಾಮಿ" ಎಂದಿರುತ್ತಾರೆ. ಆ ಒಂದು ಸಾಲು ಬಡವರ ಮನೆಯನ್ನು ವರ್ಷಗಟ್ಟಲೆ ಕೋರ್ಟು ಅಲೆಸುತ್ತದೆ.

ಯಾರಿಗೆ ಸಿಗದು, ಯಾರಿಗೆ ಸಿಕ್ಕೀತು?

ಇಲ್ಲಿ ಸ್ವಲ್ಪ ಗಮನವಿಟ್ಟು ಓದಿ, ಇದು ನಮ್ಮ ದಿನನಿತ್ಯದ ಸಂಗತಿ.

ಮದುವೆಗೆಂದು, ಜಾತ್ರೆಗೆಂದು ಸರಕು ಸಾಗಿಸುವ ಲಾರಿ, ಟೆಂಪೋ ಹತ್ತಿ ಹೋಗುತ್ತೇವಲ್ಲ, ಅದು ಉರುಳಿದರೆ ಒಳಗಿದ್ದವರ ಪರಿಹಾರಕ್ಕೆ ಕಂಪನಿ ಹೊಣೆಯಲ್ಲ ಎಂದು 2002ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಸರಕಿನ ಜೊತೆ ಹೋಗುವ ಸರಕಿನ ಒಡೆಯನ ಮಾತು ಬೇರೆ. ಕಂಪನಿ ಪರ ವಕೀಲರು ಇಂಥ ಕೇಸಿನಲ್ಲಿ ಕೇಳುವುದು ಒಂದೇ: "ಗಾಡಿಯಲ್ಲಿ ನಿಮ್ಮ ಸರಕು ಏನಿತ್ತು?"

ಬೈಕಿನ ಹಿಂದೆ ಕೂರುವವರು ಬಹುಪಾಲು ನಾವೇ. ಬೈಕಿಗೆ ಬರೀ 'ಆಕ್ಟ್ ಪಾಲಿಸಿ', ಅಂದರೆ ಕಡ್ಡಾಯದ್ದಷ್ಟೇ ಇದ್ದು, ಓಡಿಸುವವನದೇ ತಪ್ಪಾಗಿ ಬಿದ್ದರೆ, ಹಿಂದೆ ಕೂತವಳಿಗೆ ಆ ಪಾಲಿಸಿಯಿಂದ ಪರಿಹಾರವಿಲ್ಲವೆಂದು 2006ರ ತೀರ್ಪು. ಪೂರ್ಣ ವಿಮೆ, ಅಂದರೆ 'ಪ್ಯಾಕೇಜ್ ಪಾಲಿಸಿ' ಇದ್ದರೆ ಅವಳಿಗೂ ಉಂಟು. ನೂರಾರು ರೂಪಾಯಿ ಉಳಿಸಲು ಹೋಗಿ ಮನೆಯಾಕೆಯನ್ನು ಹೊರಗಿಟ್ಟಂತಾಗುತ್ತದೆ ನೋಡಿ.

ಬೇರೆಯವರ ಬೈಕು ಕೇಳಿ ತಂದು ಓಡಿಸುವಾಗ ತಾನೇ ಬಿದ್ದು ಸತ್ತರೆ? ಕೇಳಿ ತಂದವನು ಯಜಮಾನನ ಜಾಗದಲ್ಲೇ ನಿಲ್ಲುತ್ತಾನೆ, ಮೂರನೆಯವನಾಗುವುದಿಲ್ಲ ಎಂದು 2009ರಲ್ಲಿ ಕೋರ್ಟು ಹೇಳಿತು. ಅದು ನಮ್ಮ ಕರ್ನಾಟಕದಿಂದಲೇ ಹೋದ ಕೇಸು. 2025ರ ಜುಲೈಯಲ್ಲೂ ನಮ್ಮ ರಾಜ್ಯದ್ದೇ ಇನ್ನೊಂದು ಕೇಸಿನಲ್ಲಿ, ತನ್ನದೇ ಅತಿವೇಗದಿಂದ ಕಾರು ಉರುಳಿಸಿ ಸತ್ತವನ ಮನೆಯವರಿಗೆ ಈ ಬಗೆಯ ಪರಿಹಾರ ದೊರೆಯಲಿಲ್ಲ. ಓಡಿಸುವ ಯಜಮಾನನಿಗೆ ಇರುವ ಆಸರೆ ಎಂದರೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ. ಪಾಲಿಸಿಯಲ್ಲಿ ಆ ಸಾಲು ಇದೆಯೇ ಎಂದು ಈ ಸಂಜೆಯೇ ನೋಡಿಕೊಳ್ಳಿ.

ಇನ್ನು ಲೈಸೆನ್ಸು. ಚಾಲಕನ ಲೈಸೆನ್ಸು ಸುಳ್ಳಾಗಿದ್ದ ಮಾತ್ರಕ್ಕೆ ಕಂಪನಿ ಕೈತೊಳೆದುಕೊಳ್ಳಲಾಗದು; ಯಜಮಾನ ಗೊತ್ತಿದ್ದೂ ಅಸಡ್ಡೆ ಮಾಡಿದ ಎಂದು ಕಂಪನಿಯೇ ರುಜುವಾತು ಮಾಡಬೇಕು ಎಂದು 2004ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಹಾಗೆ ರುಜುವಾತಾದರೂ, ಪೆಟ್ಟು ತಿಂದವರಿಗೆ ಮೊದಲು ಕೊಡಿ, ಆಮೇಲೆ ಯಜಮಾನನಿಂದ ವಸೂಲು ಮಾಡಿ ಎಂದು ಕೋರ್ಟು ಆದೇಶಿಸಬಹುದು. ಪೆಟ್ಟು ತಿಂದವರಿಗೆ ಇದು ದೊಡ್ಡ ಆಸರೆ. ಆದರೆ ಲೈಸೆನ್ಸಿಲ್ಲದ ಮಗನ ಕೈಗೆ ಬೈಕು ಕೊಟ್ಟ ತಂದೆಯ ಮನೆ, ಹೊಲ ವಸೂಲಿಗೆ ಬಂದಾವು ಎನ್ನುವುದನ್ನೂ ಮರೆಯಬೇಡಿ.

ಪರಿಹಾರದ ಅಳತೆ

ಅಡಿಗೆಗೆ ಅಳತೆ ಇರುವಂತೆ ಪರಿಹಾರಕ್ಕೂ ಒಂದು ಅಳತೆಯಿದೆ. 2009 ಮತ್ತು 2017ರ ಎರಡು ತೀರ್ಪುಗಳು ಅದನ್ನು ಗೊತ್ತುಪಡಿಸಿವೆ. ಒಂದು ಉದಾಹರಣೆ ಹೇಳುತ್ತೇನೆ, ಪೆನ್ಸಿಲು ತೆಗೆದುಕೊಳ್ಳಿ.

35 ವರ್ಷದ ಟೈಲರು. ತಿಂಗಳ ಸಂಪಾದನೆ 15,000. ಮನೆಯಲ್ಲಿ ಅವನನ್ನು ನಂಬಿದವರು ನಾಲ್ಕು ಜನ. ಬದುಕಿದ್ದರೆ ಮುಂದೆ ಹೆಚ್ಚು ದುಡಿಯುತ್ತಿದ್ದ ಎಂದು, 40ರ ಒಳಗಿನ ಸ್ವಂತ ಉದ್ಯೋಗದವರಿಗೆ ಶೇಕಡಾ 40 ಸೇರಿಸುತ್ತಾರೆ: 21,000 ಆಯಿತು. ಅವನ ಸ್ವಂತ ಖರ್ಚೆಂದು ಕಾಲುಭಾಗ ಕಳೆಯುತ್ತಾರೆ: 15,750. ವರ್ಷಕ್ಕೆ 1,89,000. ವಯಸ್ಸು 31ರಿಂದ 35ರೊಳಗೆ ಇದ್ದರೆ ಇದನ್ನು 16ರಿಂದ ಗುಣಿಸಬೇಕು: 30,24,000 ರೂಪಾಯಿ. ಅಂತ್ಯಕ್ರಿಯೆ, ಗಂಡಹೆಂಡಿರ ಸಾಂಗತ್ಯ ಕಳೆದದ್ದು ಎಂದು ಮೇಲೆ ಸ್ವಲ್ಪ ಸೇರುತ್ತದೆ.

ಕಂಪನಿ ಪರ ವಕೀಲರು ಹಿಡಿಯುವುದು ಈ ಒಂದೊಂದು ಪದಾರ್ಥವನ್ನೇ. 15,000 ಸಂಪಾದನೆಗೆ ದಾಖಲೆ ಎಲ್ಲಿದೆ? ವಯಸ್ಸು 35 ಎನ್ನಲು ಶಾಲೆಯ ಸರ್ಟಿಫಿಕೇಟು ಉಂಟೇ? ಅದು 36 ಎಂದಾದರೆ ಗುಣಿಸುವುದು 15ರಿಂದ. ಮೊತ್ತ 28,35,000ಕ್ಕೆ ಇಳಿಯಿತು. ಒಂದು ವರ್ಷದ ವಯಸ್ಸಿಗೆ 1,89,000 ರೂಪಾಯಿ ಹೋಯಿತು! ವಕೀಲರು ಕಟುಕರು ಎಂದು ಬೈದು ಫಲವಿಲ್ಲ. ಅವರು ಕೇಳುವುದು ಕಾಗದವನ್ನು. ಕಾಗದ ನಮ್ಮ ಪೆಟ್ಟಿಗೆಯಲ್ಲಿರಬೇಕು.

"ಮನೇಲೇ ಇದ್ಲು"

ಈಗ ನಮ್ಮ ವಿಷಯಕ್ಕೆ ಬರೋಣ. ಸತ್ತವಳು ಗೃಹಿಣಿಯಾದರೆ? ಅವಳ ಸಂಪಾದನೆ ಎಷ್ಟು?

ನಾದಿನಿ ಹೇಳಿದ ಒಂದು ಕೇಸು. ಬಸ್ಸು ಗುದ್ದಿ ಸತ್ತ ಹೆಂಗಸು. ಮೂರು ಮಕ್ಕಳು, ಹಾಸಿಗೆ ಹಿಡಿದ ಅತ್ತೆ, ಎರಡು ಎಮ್ಮೆ. ಗಂಡ ಕಟಕಟೆಯಲ್ಲಿದ್ದ. ಪಾಟೀ ಸವಾಲಿನಲ್ಲಿ ಇವಳು ಕೇಳಿದಳು: "ನಿಮ್ಮ ಹೆಂಡತಿ ಏನು ಕೆಲಸ ಮಾಡುತ್ತಿದ್ದರು?"

"ಏನಿಲ್ಲ ಮೇಡಂ, ಮನೇಲೇ ಇದ್ಲು."

ಟೈಪಿಸ್ಟು ಬರೆದದ್ದು: "ನನ್ನ ಪತ್ನಿ ಯಾವ ಕೆಲಸವನ್ನೂ ಮಾಡುತ್ತಿರಲಿಲ್ಲ."

ಡೇರಿಗೆ ಹಾಲು ಹಾಕುವ ಪುಸ್ತಕ ಗಂಡನ ಹೆಸರಿನಲ್ಲಿತ್ತು. ಬೆಳಿಗ್ಗೆ ಸಂಜೆ ಹಿಂಡುತ್ತಿದ್ದವಳು ಅವಳು. "ನನ್ನ ಕೇಸಿಗೆ ಅದಕ್ಕಿಂತ ಒಳ್ಳೇ ಉತ್ತರ ಇರಲಿಲ್ಲ ಅತ್ತಿಗೆ. ಆದರೆ ಅವನು ಸುಳ್ಳು ಹೇಳಲಿಲ್ಲ ನೋಡಿ, ಅವನು ನಂಬಿದ್ದೇ ಹಾಗೆ. ಅದೇ ನನಗೆ ತಡೆಯಲಿಲ್ಲ" ಎಂದಳು. ಕೈಯಲ್ಲಿದ್ದ ಹೂರಣದ ಉಂಡೆ ಹಾಗೇ ಇತ್ತು.

"ಮತ್ತೆ ನೀನು ಏನು ಮಾಡಿದೆ?" ಎಂದೆ.

"ಅಲ್ಲಿ ನಾನು ಮಾಡೋ ಹಾಗಿರಲಿಲ್ಲ. ನಾನು ಕಂಪನಿಯ ವಕೀಲೆ. ಅವರ ವಕೀಲರು ಇದ್ದರಲ್ಲ, ಅವರು ಅತ್ತೆಯನ್ನೂ ಪಕ್ಕದ ಮನೆಯವರನ್ನೂ ಸಾಕ್ಷಿ ಹಾಕಿಸಿ ಸರಿಮಾಡಿದರು. ತೀರ್ಪು ಬಂತು. ಹೈಕೋರ್ಟಿಗೆ ಹೋಗೋಣವೇ ಅಂತ ಕಂಪನಿ ಅಭಿಪ್ರಾಯ ಕೇಳಿತು. ಬೇಡ, ಇದು ನಿಲ್ಲೋದಿಲ್ಲ, ದುಡ್ಡು ಕಟ್ಟಿಬಿಡಿ ಅಂತ ಮೂರು ಪುಟ ಬರೆದೆ. ಕಟ್ಟಿದರು."

ಯಾಕೆ ನಿಲ್ಲುತ್ತಿರಲಿಲ್ಲ ಎನ್ನುವುದಕ್ಕೆ ಹಿಂದಿನ ಕಥೆ ಕೇಳಿ. 1994ರಲ್ಲಿ ಕಾಯಿದೆಗೆ ಸೇರಿಸಿದ ಒಂದು ಪಟ್ಟಿಯಲ್ಲಿ, ಸಂಪಾದನೆ ಇಲ್ಲದ ಹೆಂಡತಿಯ ಬೆಲೆಯನ್ನು ಗಂಡನ ಸಂಪಾದನೆಯ ಮೂರರಲ್ಲಿ ಒಂದು ಎಂದು ಬರೆದಿದ್ದರು. ಗಂಡ ಬಡವನಾದರೆ ಹೆಂಡತಿಯ ದುಡಿಮೆಯೂ ಅಗ್ಗ! 1989ರಲ್ಲಿ ಜಮ್‌ಶೆಡ್‌ಪುರದಲ್ಲಿ ನಡೆದ ಬೆಂಕಿ ಅನಾಹುತದ ಕೇಸು ಮೋಟಾರಿನದಲ್ಲ. ಆದರೂ ಅದರಲ್ಲಿ 2001ರಂದು ಸುಪ್ರೀಂ ಕೋರ್ಟು ಗೃಹಿಣಿಯ ಸೇವೆಗೆ ತಿಂಗಳಿಗೆ 3,000 ರೂಪಾಯಿ ಎಂದು ಲೆಕ್ಕ ಹಾಕಿದ್ದು ಮುಂದಿನ ಕೇಸುಗಳಿಗೆ ದಾರಿಯಾಯಿತು. 2010ರ ಒಂದು ತೀರ್ಪಿನಲ್ಲಿ ನ್ಯಾಯಮೂರ್ತಿ ಎ.ಕೆ. ಗಂಗೂಲಿಯವರು, 2001ರ ಜನಗಣತಿ ಮನೆಗೆಲಸದ ಹೆಂಗಸರನ್ನು ಭಿಕ್ಷುಕರು, ವೇಶ್ಯೆಯರು, ಕೈದಿಗಳ ಜೊತೆ 'ದುಡಿಯದವರು' ಎಂಬ ಗುಂಪಿಗೆ ಸೇರಿಸಿದ್ದನ್ನು ಎತ್ತಿ ಖಂಡಿಸಿದರು.

ಆಮೇಲೆ 2021ರ ಜನವರಿಯ ತೀರ್ಪು. 2014ರ ಏಪ್ರಿಲ್‌ನಲ್ಲಿ ದೆಹಲಿಯಲ್ಲಿ ಬೈಕಿನಲ್ಲಿ ಹೋಗುತ್ತಿದ್ದ ಗಂಡಹೆಂಡತಿ ಕಾರು ಗುದ್ದಿ ತೀರಿಕೊಂಡರು. ಉಳಿದವರು ಎರಡು ಎಳೆಯ ಹೆಣ್ಣುಮಕ್ಕಳು ಮತ್ತು ಅಜ್ಜ ಅಜ್ಜಿ. ನ್ಯಾಯಮಂಡಳಿ ಕೊಟ್ಟದ್ದು 40.71 ಲಕ್ಷ. ಕಂಪನಿ ಹೈಕೋರ್ಟಿಗೆ ಹೋದಾಗ ಅದು 22 ಲಕ್ಷಕ್ಕೆ ಇಳಿಯಿತು. ಸುಪ್ರೀಂ ಕೋರ್ಟು 33.20 ಲಕ್ಷ ಎಂದಿತು. ಮೂರು ಕೋರ್ಟು, ಮೂರು ಲೆಕ್ಕ. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಎನ್.ವಿ. ರಮಣ ಅವರು ಗೃಹಿಣಿಯ ದುಡಿಮೆಯ ಬಗ್ಗೆ ಪ್ರತ್ಯೇಕವಾಗಿ ಬರೆದರು. 2019ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಹೆಂಗಸರು ದಿನಕ್ಕೆ ಸುಮಾರು 299 ನಿಮಿಷ ಕೂಲಿಯಿಲ್ಲದ ಮನೆಗೆಲಸ ಮಾಡುತ್ತಾರೆ, ಗಂಡಸರು 97 ನಿಮಿಷ ಎಂಬ ಅಂಕಿಯನ್ನು ಅವರು ಅದರಲ್ಲಿ ತೋರಿಸಿದರು. ಮುಂದಿನ ದಿನಗಳಲ್ಲಿ ಗಳಿಕೆ ಹೆಚ್ಚುತ್ತಿತ್ತು ಎಂದು ಸೇರಿಸುವ ಪಾಲನ್ನು ಗೃಹಿಣಿಗೂ ಸೇರಿಸಬೇಕು ಎಂದರು. 2024ರ ಫೆಬ್ರವರಿಯಲ್ಲಿ ಇನ್ನೊಂದು ಪೀಠ, ಗೃಹಿಣಿಯ ಸಂಪಾದನೆಯನ್ನು ದಿನಗೂಲಿಯವರಿಗಿಂತ ಕಡಿಮೆ ಹಿಡಿಯುವುದು ಹೇಗೆ ಎಂದು ಕೇಳಿ, 2006ರಲ್ಲಿ ಸತ್ತವಳೊಬ್ಬಳ ಮನೆಯವರಿಗೆ 6 ಲಕ್ಷ ಕೊಡಿಸಿತು. ಆ ಗಾಡಿಗೆ ವಿಮೆಯೇ ಇರಲಿಲ್ಲ, ತೆರಬೇಕಾದವನು ಯಜಮಾನನೇ.

ನಮ್ಮ ರಾಜ್ಯದಲ್ಲಿ ಆದಾಯದ ದಾಖಲೆ ಇಲ್ಲದವರಿಗೆ, ಅಪಘಾತ ನಡೆದ ವರ್ಷಕ್ಕೆ ತಕ್ಕಂತೆ ಇಷ್ಟು ಎಂದು ಕಾನೂನು ಸೇವಾ ಪ್ರಾಧಿಕಾರ ಲೋಕ ಅದಾಲತ್ತಿಗಾಗಿ ಒಂದು ಪಟ್ಟಿ ಮಾಡಿಟ್ಟಿದೆ. ಕೋರ್ಟುಗಳೂ ಅದನ್ನು ನೋಡುತ್ತವೆ. ಗೃಹಿಣಿಗೆ ಏನೂ ಇಲ್ಲ ಎನ್ನುವ ಕಾಲ ಹೋಯಿತು. ಆದರೂ ಅವಳು ಏನೇನು ಮಾಡುತ್ತಿದ್ದಳು ಎಂದು ಹೇಳುವವರು ಬೇಕು.

ಆ ತಾಯಿಗೆ ನನ್ನ ಉತ್ತರ

ನಿಮ್ಮ ಮಗಳು ಸೇರಲಿ ಅಮ್ಮ. ಪ್ರಶ್ನೆ ಕೇಳುವುದು ಪಾಪವಲ್ಲ. ಇರುವ ಪಾಲಿಸಿಯನ್ನು ಇಲ್ಲ ಎನ್ನುವುದು, ಕಾಗದ ಬಚ್ಚಿಡುವುದು, ಸೋಲುವ ಕೇಸನ್ನು ಸುಮ್ಮನೆ ಎಳೆದು ಬಡವರನ್ನು ಸುಸ್ತು ಮಾಡುವುದು ಪಾಪ. ಅಂಥದನ್ನು ಮಾಡುವವರು ಇಲ್ಲವೆಂದಲ್ಲ. ಮಗಳು ಯಾರ ಕೈಕೆಳಗೆ ಸೇರುತ್ತಾಳೆ, ಅವರು ಯಾವ ದಾರಿಯವರು ಎಂದು ಮಾತ್ರ ವಿಚಾರಿಸಿ. ಒಳ್ಳೆಯ ಕಂಪನಿ ಪರ ವಕೀಲರು ಸುಳ್ಳು ಕೇಸನ್ನು ಸೋಲಿಸುತ್ತಾರೆ. ನಿಜವಾದ ಕೇಸಿನಲ್ಲಿ "ಇದನ್ನು ಲೋಕ ಅದಾಲತ್ತಿನಲ್ಲಿ ಮುಗಿಸಿ, ಎಳೆದಷ್ಟೂ ಬಡ್ಡಿ ಬೆಳೆಯುತ್ತದೆ" ಎಂದು ಕಂಪನಿಗೇ ಬುದ್ಧಿ ಹೇಳುತ್ತಾರೆ. ಆ ಮಾತನ್ನು ಎದುರು ಪಕ್ಷದವರು ಹೇಳಿದರೆ ಕಂಪನಿ ಕೇಳುವುದಿಲ್ಲ, ತನ್ನ ವಕೀಲರು ಹೇಳಿದರೆ ಕೇಳುತ್ತದೆ. ಎಮ್ಮೆಯ ಹಾಲು ಹಿಂಡಿ ಗೊತ್ತಿರುವ, ಅಥವಾ ಹಿಂಡುವವರನ್ನು ನೋಡಿ ಬಲ್ಲ ಹೆಣ್ಣುಮಗಳು ಆ ಜಾಗದಲ್ಲಿ ಇದ್ದರೆ ಒಳ್ಳೆಯದೇ.

ಕೊನೆಗೆ, ಎಲ್ಲರಿಗೂ ಕೆಲವು ಮಾತು

ಕತ್ತರಿಸಿ ಅಡಿಗೆಮನೆಯ ಬೀರುವಿನ ಬಾಗಿಲಿಗೆ ಅಂಟಿಸಿಕೊಳ್ಳಿ.

1. ಗಾಡಿಯ ಪಾಲಿಸಿ, ಲೈಸೆನ್ಸು, ಆರ್.ಸಿ. ಒಂದೇ ಚೀಲದಲ್ಲಿರಲಿ, ಮುಗಿಯುವ ತಾರೀಖು ಕ್ಯಾಲೆಂಡರಿನಲ್ಲಿರಲಿ. 2018ರ ಸೆಪ್ಟೆಂಬರಿನಿಂದೀಚೆಗೆ ಹೊಸದಾಗಿ ಕೊಂಡ ಸ್ಕೂಟರು, ಬೈಕುಗಳಿಗೆ ಥರ್ಡ್ ಪಾರ್ಟಿ ವಿಮೆ 5 ವರ್ಷಕ್ಕೆ ಒಟ್ಟಿಗೇ ಬರುತ್ತದೆ. ಉಳಿದದ್ದು ವರ್ಷಕ್ಕೇ ಮುಗಿದಿರಬಹುದು, ನೋಡಿಕೊಳ್ಳಿ.

2. ಅಪಘಾತವಾದರೆ ಆಸ್ಪತ್ರೆಯಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳಿ, ಗಾಡಿಯ ನಂಬರು ಸಮೇತ. ಡಾಕ್ಟರು ಏನು ಬರೆದುಕೊಂಡರು ಎಂದು ಕೇಳಿ. ದೂರು ಅಂದೇ, ತಪ್ಪಿದರೆ ಮರುದಿನವೇ ಕೊಡಿ.

3. ಔಷಧದ ಚೀಟಿ, ಬಿಲ್ಲು, ಎಕ್ಸ್‌ರೇ ಯಾವುದನ್ನೂ ಎಸೆಯಬೇಡಿ.

4. ಪರಿಹಾರದ ಅರ್ಜಿ 6 ತಿಂಗಳೊಳಗೆ ಹಾಕಬೇಕೆಂದು 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಹೇಳುತ್ತದೆ. ಈ ಗಡುವಿನ ಬಗ್ಗೆ ಸುಪ್ರೀಂ ಕೋರ್ಟಿನವರೆಗೆ ವಾದ ಹೋಗಿದೆ. ಹಾಗೆಂದು ಕಾಯುತ್ತ ಕೂರಬೇಡಿ.

5. ಲೋಕ ಅದಾಲತ್ತಿನಲ್ಲಿ ಒಪ್ಪಿ ಸಹಿ ಹಾಕಿದರೆ ಅದೇ ಕೊನೆ, ಮೇಲ್ಮನವಿ ಇಲ್ಲ. ಹಾಕುವ ಮೊದಲು ಮೇಲೆ ಹೇಳಿದ ಲೆಕ್ಕವನ್ನು ನೀವೇ ಒಮ್ಮೆ ಮಾಡಿನೋಡಿ.

6. ಹಾಲಿನ ಪುಸ್ತಕ, ಹೊಲಿಗೆಯ ಲೆಕ್ಕ, ಹಪ್ಪಳ ಸಂಡಿಗೆ ಮಾರಿದ ದುಡ್ಡು, ಸ್ವಸಹಾಯ ಸಂಘದ ಪಾಸ್‌ಬುಕ್ಕು ನಿಮ್ಮ ಹೆಸರಿನಲ್ಲೇ ಇರಲಿ. ಮಾಡುವವರು ನೀವು, ಹೆಸರು ಇನ್ನೊಬ್ಬರದು ಆಗುವುದು ಬೇಡ.

ಇನ್ನೊಂದು ಮಾತು. ಇವತ್ತು ರಾತ್ರಿ ಊಟಕ್ಕೆ ಕೂತಾಗ ಮನೆಯವರನ್ನು ಸುಮ್ಮನೆ ಕೇಳಿ ನೋಡಿ: "ಯಾರಾದರೂ ನನ್ನ ಕೆಲಸ ಏನು ಅಂತ ಕೇಳಿದರೆ ಏನು ಹೇಳ್ತೀರಿ?" ಜಗಳಕ್ಕಲ್ಲ, ತಿಳಿದುಕೊಳ್ಳಲು. ಬಂದ ಉತ್ತರವನ್ನು ನನಗೂ ಬರೆದು ಕಳಿಸಿ. ಮುಂದಿನ ಸಂಚಿಕೆಗಳಲ್ಲಿ ಒಳ್ಳೆಯ ಉತ್ತರಗಳನ್ನು ಎಲ್ಲರೂ ಓದೋಣ.